ನಾಲ್ಕು ಗೆರೆ ಕಂಡ ತಕ್ಷಣ ಹೈಡ್ರಾಕ್ಸಿಲ್ ಅನ್ನಬೇಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಇಪಿಆರ್ (ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್) ಬಗ್ಗೆ. ಕೆಲವರು ಇಎಸ್‌ಆರ್ ಅಂತ ಬರೆದಿದ್ದೀರಿ, ಎರಡೂ ಒಂದೇ. ಜೋಡಿ ಇಲ್ಲದ ಎಲೆಕ್ಟ್ರಾನ್ ಇರುವ ವಸ್ತುವನ್ನು ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರೆ, ಸರಿಯಾದ ಜಾಗದಲ್ಲಿ ಅದು ಶಕ್ತಿ ಹೀರಿಕೊಳ್ಳುತ್ತದೆ. ಅದೇ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. 1944ರಲ್ಲಿ ರಷ್ಯಾದ ಕಜಾನ್ ನಗರದಲ್ಲಿ ಜವೋಯಿಸ್ಕಿ ಅನ್ನುವ ಭೌತವಿಜ್ಞಾನಿ ಇದನ್ನು ಮೊದಲು ಕಂಡರು. ಆದರೆ ಹೈಡ್ರಾಕ್ಸಿಲ್, ಸೂಪರ್‌ಆಕ್ಸೈಡ್ ಥರದ ಆಕ್ಸಿಜನ್ ರ್ಯಾಡಿಕಲ್‌ಗಳನ್ನು (ಜೋಡಿ ಇಲ್ಲದ ಎಲೆಕ್ಟ್ರಾನ್ ಇರುವ ಚುರುಕು ಕಣಗಳು) ನೀರಿನಲ್ಲಿ ಹೀಗೆ ನೇರವಾಗಿ ನೋಡಲು ಆಗುವುದಿಲ್ಲ. ಅದಕ್ಕೇ ಡಿಎಂಪಿಒದಂಥ ಸ್ಪಿನ್ ಟ್ರ್ಯಾಪ್ (ರ್ಯಾಡಿಕಲ್ ಹಿಡಿಯುವ ಬಲೆಯಂಥ ರಾಸಾಯನಿಕ) ಹಾಕುತ್ತೇವೆ. ರ್ಯಾಡಿಕಲ್ ಅದಕ್ಕೆ ಅಂಟಿಕೊಂಡು ನೈಟ್ರಾಕ್ಸೈಡ್ ಆಗುತ್ತದೆ. ಅದು ಒಂದಿಷ್ಟು ಹೊತ್ತು ಬಾಳುತ್ತದೆ. ಪರದೆಯ ಮೇಲೆ ಕಾಣುವುದು ಈ ನೈಟ್ರಾಕ್ಸೈಡ್, ಮೂಲ ರ್ಯಾಡಿಕಲ್ ಅಲ್ಲ. ನಿಮ್ಮ ಪತ್ರಗಳಲ್ಲಿರುವ ತೊಡಕೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ: ಐರನ್ ಆಕ್ಸೈಡ್ ಕ್ಯಾಟಲಿಸ್ಟ್ ಮತ್ತು ಪರ್‌ಸಲ್ಫೇಟ್ ಬಳಸಿ ಬಟ್ಟೆ ಬಣ್ಣದ ನೀರನ್ನು ಶುದ್ಧ ಮಾಡುವ ಕೆಲಸ ಮಾಡುತ್ತಿದ್ದೇನೆ. ಡಿಎಂಪಿಒ ಹಾಕಿದರೆ 1:2:2:1 ಎತ್ತರದ ನಾಲ್ಕು ಗೆರೆ ಚೆನ್ನಾಗಿ ಬರುತ್ತವೆ. ಹೈಡ್ರಾಕ್ಸಿಲ್ ರ್ಯಾಡಿಕಲ್ ಇದೆ ಅಂತ ಬರೆದೆ. ಇಷ್ಟು ಸಾಲದು ಅಂತ ರಿವ್ಯೂವರ್ ಹೇಳುತ್ತಿದ್ದಾರೆ. ಇನ್ನೇನು ಬೇಕು? — ಸಂಶೋಧನಾ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ರಿವ್ಯೂವರ್ ಹೇಳಿದ್ದು ಸರಿ. ನಿಮಗೆ ಸಿಟ್ಟು ಬಂದಿರುವುದು ಪತ್ರದಲ್ಲೇ ಗೊತ್ತಾಗುತ್ತದೆ, ಆದರೂ ಸ್ವಲ್ಪ ಕೇಳಿ.

ನಿಮ್ಮ ಗೆರೆಗಳ ನಡುವಿನ ದೂರ ಅಳೆದರೆ ನೈಟ್ರೋಜನ್ ಮಾಡುವ ಸೀಳೂ ಹೈಡ್ರೋಜನ್ ಮಾಡುವ ಸೀಳೂ ಎರಡೂ 14.9 ಗಾಸ್ (ಕಾಂತಕ್ಷೇತ್ರದ ಅಳತೆ) ಸುತ್ತ ಬರುತ್ತವೆ. ಎರಡೂ ಒಂದೇ ಆಗಿರುವುದರಿಂದಲೇ ಆರು ಗೆರೆಗಳಲ್ಲಿ ಕೆಲವು ಒಂದರ ಮೇಲೊಂದು ಕೂತು ನಾಲ್ಕಾಗುತ್ತವೆ. ಇಷ್ಟರಿಂದ ಟ್ಯೂಬಿನಲ್ಲಿ ಡಿಎಂಪಿಒ-ಒಎಚ್ ಅನ್ನುವ ನೈಟ್ರಾಕ್ಸೈಡ್ ಇದೆ ಅನ್ನುವುದು ಖಚಿತ. ಅದು ಹೇಗೆ ಹುಟ್ಟಿತು ಅನ್ನುವುದು ಮಾತ್ರ ಖಚಿತ ಅಲ್ಲ. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನಿಂತಿದ್ದರೆ ಅವರು ಬೆಂಗಳೂರಿಂದಲೇ ಬಂದರು ಅನ್ನಲಾಗುತ್ತದಾ? ಹಾಸನದಿಂದ ಬಂದಿರಬಹುದು, ಮಡಿಕೇರಿಯಿಂದಲೂ ಬಂದಿರಬಹುದು.

ಡಿಎಂಪಿಒ-ಒಎಚ್‌ಗೂ ಹಾಗೇ ಹಲವು ದಾರಿ. ಹೈಡ್ರಾಕ್ಸಿಲ್ ನಿಜವಾಗಿ ಬಂದು ಅಂಟಿದ್ದು ಒಂದು. ಸೂಪರ್‌ಆಕ್ಸೈಡ್ ಅಂಟಿ ಆದ ಡಿಎಂಪಿಒ-ಒಒಎಚ್ ಒಡೆದು ಒಎಚ್ ಆಗುವುದು ಇನ್ನೊಂದು. ಪಿಎಚ್ 7ರ ಹತ್ತಿರ ಡಿಎಂಪಿಒ-ಒಒಎಚ್‌ನ ಅರ್ಧಾಯುಷ್ಯ ಸುಮಾರು ಒಂದು ನಿಮಿಷ ಅಷ್ಟೇ. ನೀವು ಟ್ಯೂಬ್ ತುಂಬಿ, ಯಂತ್ರದ ಕ್ಯಾವಿಟಿಯಲ್ಲಿಟ್ಟು, ಟ್ಯೂನ್ ಮಾಡಿ ಸ್ಕ್ಯಾನ್ ಒತ್ತುವಷ್ಟರಲ್ಲಿ ಕಥೆ ಬದಲಾಗಿರುತ್ತದೆ. ಪರ್‌ಸಲ್ಫೇಟ್ ಇರುವ ನಿಮ್ಮ ಕೆಲಸದಲ್ಲಿ ಮೂರನೆಯ ದಾರಿಯೂ ಇದೆ. ಸಲ್ಫೇಟ್ ರ್ಯಾಡಿಕಲ್ ಅಂಟಿ ಆದ ನೈಟ್ರಾಕ್ಸೈಡ್‌ನಲ್ಲಿ ಸಲ್ಫೇಟನ್ನು ನೀರು ತಳ್ಳಿ ತಾನು ಕೂರುತ್ತದೆ. ಕೊನೆಗೆ ಕಾಣುವುದು ಅದೇ ನಾಲ್ಕು ಗೆರೆ.

ಇವು ಮೂರರಲ್ಲೂ ಯಾವುದೋ ಒಂದು ರ್ಯಾಡಿಕಲ್ ಆದರೂ ಇದೆ. ನನಗೆ ನಿಜವಾದ ಚಿಂತೆ ಉಳಿದ ಎರಡರ ಬಗ್ಗೆ. ಅವುಗಳಲ್ಲಿ ಆಕ್ಸಿಜನ್ ರ್ಯಾಡಿಕಲ್ಲೇ ಇರುವುದಿಲ್ಲ. ಫೆರಿಕ್ ಕಬ್ಬಿಣ ಇದ್ದರೆ ನೀರು ಸೀದಾ ಡಿಎಂಪಿಒಗೆ ಸೇರಿಕೊಳ್ಳಬಹುದು, ಆಮೇಲೆ ಅದು ಆಕ್ಸಿಡೈಸ್ ಆಗಿ ನೈಟ್ರಾಕ್ಸೈಡ್ ಆಗುತ್ತದೆ. ಇದನ್ನು ಫಾರೆಸ್ಟರ್-ಹೆಪ್‌ಬರ್ನ್ ದಾರಿ ಅನ್ನುತ್ತಾರೆ. ಇನ್ನೊಂದು ಇದರ ತಿರುವುಮುರುವು: ಗಟ್ಟಿ ಆಕ್ಸಿಡೆಂಟ್ ಒಂದು ಮೊದಲು ಡಿಎಂಪಿಒದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆಮೇಲೆ ನೀರು ಬಂದು ಸೇರುತ್ತದೆ. ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಡುವವರಿಗೂ ಇದು ಅನ್ವಯಿಸುತ್ತದೆ. ಬೆಳಕಿನಿಂದ ಹುಟ್ಟಿದ ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಡಿಎಂಪಿಒವನ್ನೇ ನೇರವಾಗಿ ಆಕ್ಸಿಡೈಸ್ ಮಾಡಬಲ್ಲದು. ನಿಮ್ಮ ಟ್ಯೂಬಿನಲ್ಲಿ ಕಬ್ಬಿಣವೂ ಇದೆ, ಗಟ್ಟಿ ಆಕ್ಸಿಡೆಂಟೂ ಇದೆ. ಎರಡು ಅಪಾಯವೂ ಒಟ್ಟಿಗೇ ಇವೆ.

ಹಾಗಾದರೆ ಏನು ಮಾಡಬೇಕು? ಮೊದಲು ಖಾಲಿ ಪರೀಕ್ಷೆಗಳು. ನೀರು ಮತ್ತು ಡಿಎಂಪಿಒ ಮಾತ್ರ. ಪರ್‌ಸಲ್ಫೇಟ್ ಮತ್ತು ಡಿಎಂಪಿಒ ಮಾತ್ರ. ಕ್ಯಾಟಲಿಸ್ಟ್ ಮತ್ತು ಡಿಎಂಪಿಒ ಮಾತ್ರ. ಕ್ಯಾಟಲಿಸ್ಟನ್ನು ನೀರಿನಲ್ಲಿ ಕಲಕಿ, ಸೋಸಿ, ಆ ಸೋಸಿದ ನೀರಿಗೆ ಪರ್‌ಸಲ್ಫೇಟ್ ಮತ್ತು ಡಿಎಂಪಿಒ. ಈ ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಅದರಲ್ಲೂ ಗೆರೆ ಬಂದರೆ ಕೆಲಸ ಮಾಡುತ್ತಿರುವುದು ಕ್ಯಾಟಲಿಸ್ಟಿನ ಮೇಲ್ಮೈ ಅಲ್ಲ, ಕರಗಿ ಬಂದ ಕಬ್ಬಿಣ. ನಿಮ್ಮ ಲೇಖನದ ತಲೆಬರಹವೇ ಬದಲಾಗಬೇಕಾಗುತ್ತದೆ.

ಆಮೇಲೆ ಡಿಎಂಎಸ್‌ಒ ಅನ್ನುವ ದ್ರಾವಕ ಹಾಕಿ ನೋಡಿ. ಹೈಡ್ರಾಕ್ಸಿಲ್ ನಿಜವಾಗಿ ಇದ್ದರೆ ಅದು ಡಿಎಂಎಸ್‌ಒವನ್ನು ಹೊಡೆದು ಮೀಥೈಲ್ ರ್ಯಾಡಿಕಲ್ ಮಾಡುತ್ತದೆ. ಆಗ ನಾಲ್ಕು ಗೆರೆ ಕುಗ್ಗಿ, ಅವುಗಳ ಜಾಗದಲ್ಲಿ ಆರು ಗೆರೆ ಏಳುತ್ತವೆ. ಅವನ್ನು ಅಳೆಯಿರಿ: ನೈಟ್ರೋಜನ್ 16.4, ಹೈಡ್ರೋಜನ್ 23.4 ಗಾಸ್ ಹತ್ತಿರ ಬರಬೇಕು. ನಾಲ್ಕು ಗೆರೆ ಕುಗ್ಗಿದ್ದು ಮಾತ್ರ ಸಾಕ್ಷಿ ಅಲ್ಲ, ಆರು ಗೆರೆ ಎದ್ದಿದ್ದೇ ಸಾಕ್ಷಿ. ಬರೀ ಕುಗ್ಗುವುದಕ್ಕೆ ನೂರು ಕಾರಣ ಇರಬಹುದು. ನಾಲ್ಕು ಗೆರೆ ಹಾಗೇ ಉಳಿದು ಆರು ಏಳದಿದ್ದರೆ ನೀರು ಸೇರಿದ ಗುಮಾನಿ ಬಲವಾಗುತ್ತದೆ. ಎಥನಾಲ್ ಹಾಕಿಯೂ ಇದೇ ಪರೀಕ್ಷೆ ಮಾಡಬಹುದು. ಆದರೆ ಎಥನಾಲ್ ತಾನೇ ನೀರಿನ ಥರ ಡಿಎಂಪಿಒಗೆ ಸೇರಿಕೊಳ್ಳಬಲ್ಲದು. ಅದಕ್ಕೇ ಬಂದ ಗೆರೆಗಳನ್ನು ಅಳೆಯದೆ ಹೆಸರಿಡಬೇಡಿ.

ಒಂದು ವಿಷಯ ನೆನಪಿಡಿ, ಸಲ್ಫೇಟ್ ರ್ಯಾಡಿಕಲ್ ಇದ್ದರೂ ಡಿಎಂಎಸ್‌ಒ ಹೊಡೆತ ತಿನ್ನುತ್ತದೆ. ಇವೆರಡನ್ನು ಬೇರೆ ಮಾಡಲು ಇಪಿಆರ್ ಜೊತೆಗೆ ಟರ್ಷಿಯರಿ ಬ್ಯೂಟನಾಲ್ ಮತ್ತು ಎಥನಾಲ್ ಹೋಲಿಸಿ ಬಣ್ಣ ಇಳಿಯುವ ವೇಗ ನೋಡಿ. ಟರ್ಷಿಯರಿ ಬ್ಯೂಟನಾಲ್ ಹೈಡ್ರಾಕ್ಸಿಲ್ಲನ್ನು ಚೆನ್ನಾಗಿ ಹಿಡಿಯುತ್ತದೆ, ಸಲ್ಫೇಟನ್ನು ಬಹಳ ನಿಧಾನವಾಗಿ. ಎಥನಾಲ್ ಎರಡನ್ನೂ ಹಿಡಿಯುತ್ತದೆ.

ದುಡ್ಡಿದ್ದರೆ ಆಕ್ಸಿಜನ್-17 ಇರುವ ನೀರಿನ ಪರೀಕ್ಷೆ ಇದೆ. ಆ ಆಕ್ಸಿಜನ್ ನೈಟ್ರಾಕ್ಸೈಡಿಗೆ ಸೇರಿದರೆ ಹೆಚ್ಚುವರಿ ಗೆರೆಗಳು ಕಾಣುತ್ತವೆ. ಅಂದರೆ ಆ ಒಎಚ್ ನೀರಿನಿಂದ ಬಂದಿದೆ ಅಂತ. ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರಿಗೆ ಇದು ತುಂಬಾ ಒಳ್ಳೆಯ ಪರೀಕ್ಷೆ, ಯಾಕೆಂದರೆ ಫೆಂಟನ್ ಕ್ರಿಯೆಯಲ್ಲಿ (ಕಬ್ಬಿಣ ಪೆರಾಕ್ಸೈಡನ್ನು ಒಡೆಯುವುದು) ಹುಟ್ಟುವ ಹೈಡ್ರಾಕ್ಸಿಲ್‌ನ ಆಕ್ಸಿಜನ್ ಪೆರಾಕ್ಸೈಡಿನಿಂದ ಬರುತ್ತದೆ, ನೀರಿನಿಂದಲ್ಲ. ನಿಮಗೆ ಇದು ಅಷ್ಟು ಉಪಯೋಗ ಆಗುವುದಿಲ್ಲ. ಸಲ್ಫೇಟ್ ರ್ಯಾಡಿಕಲ್ ನೀರಿನಿಂದಲೂ ಹೈಡ್ರಾಕ್ಸಿಲ್ ಮಾಡಬಲ್ಲದು. ಸುಮ್ನೆ ದುಬಾರಿ ನೀರು ತರಿಸಬೇಡಿ.

ನಿಮ್ಮ ಎರಡನೆಯ ಚಿತ್ರದಲ್ಲಿ ಏಳು ಗೆರೆ ಇವೆ. ‘ಹೊಸ ರ್ಯಾಡಿಕಲ್’ ಅಂತ ಗುರುತು ಹಾಕಿದ್ದೀರಿ. ಅದು ಡಿಎಂಪಿಒ-ಎಕ್ಸ್. ನೈಟ್ರೋಜನ್ 7.2, ಹೈಡ್ರೋಜನ್ 4.1 ಗಾಸ್ ಬರುತ್ತದಾ ನೋಡಿ. ಅದು ಡಿಎಂಪಿಒ ತಾನೇ ಪೂರ್ತಿ ಆಕ್ಸಿಡೈಸ್ ಆಗಿ ಆದದ್ದು. ನಿಮ್ಮ ವ್ಯವಸ್ಥೆ ಟ್ರ್ಯಾಪನ್ನೇ ತಿನ್ನುತ್ತಿದೆ ಅನ್ನುವ ಎಚ್ಚರಿಕೆ ಅದು. ಅದನ್ನು ಲೇಖನದಿಂದ ತೆಗೆಯಬೇಡಿ, ಅದೇ ಮುಖ್ಯ ಮಾಹಿತಿ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಇದು ಪದವಿಯ ಪ್ರಶ್ನೆ ಮಾತ್ರ ಅಲ್ಲ. ಬಣ್ಣದ ಮನೆಯಿಂದ ಬರುವ ನಿಜವಾದ ನೀರಿನಲ್ಲಿ ಉಪ್ಪು, ಸೋಡಾ ಧಾರಾಳವಾಗಿ ಇರುತ್ತವೆ. ಕ್ಲೋರೈಡ್, ಬೈಕಾರ್ಬೊನೇಟ್ ಎರಡೂ ರ್ಯಾಡಿಕಲ್‌ಗಳನ್ನು ದಾರಿಯಲ್ಲೇ ತಡೆಯುತ್ತವೆ. ಹೈಡ್ರಾಕ್ಸಿಲ್ಲಿನಿಂದಲೇ ಕೆಲಸ ಆಗುತ್ತಿದ್ದರೆ ನಿಮ್ಮ ಕ್ಯಾಟಲಿಸ್ಟ್ ಅಲ್ಲಿ ಒಂದು ಥರ ನಡೆದುಕೊಳ್ಳುತ್ತದೆ, ಎಲೆಕ್ಟ್ರಾನ್ ನೇರವಾಗಿ ಸಾಗುತ್ತಿದ್ದರೆ ಇನ್ನೊಂದು ಥರ. ದಾರಿ ತಪ್ಪಾಗಿ ಬರೆದರೆ, ಅದನ್ನು ನಂಬಿ ಟ್ಯಾಂಕ್ ಕಟ್ಟುವವರು ಕಷ್ಟಕ್ಕೆ ಬೀಳುತ್ತಾರೆ.

ಪ್ರಶ್ನೆ: ಏನೂ ಹಾಕದೆ ಬರೀ ಬಫರ್ ಮತ್ತು ಡಿಎಂಪಿಒ ಇಟ್ಟರೂ ಸಣ್ಣ ನಾಲ್ಕು ಗೆರೆ ಬರುತ್ತದೆ. ಅದನ್ನು ಕಳೆದು ಉಳಿದದ್ದನ್ನು ತೋರಿಸಬಹುದಾ? — ಎಂ.ಎಸ್‌ಸಿ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕಳೆಯಬೇಡಿ, ಮೂಲ ಹುಡುಕಿ. ಆ ಕೊಳೆ ನಿಮ್ಮ ಮಾದರಿಯ ಜೊತೆ ಸೇರಿ ಬೇರೆ ಏನಾದರೂ ಮಾಡುತ್ತಿದ್ದರೆ ಕಳೆಯುವ ಲೆಕ್ಕ ಸುಳ್ಳಾಗುತ್ತದೆ.

ಡಿಎಂಪಿಒ ಬಾಟಲಿ ನೋಡಿ. ಶುದ್ಧವಾದದ್ದಕ್ಕೆ ಬಣ್ಣ ಇರುವುದಿಲ್ಲ. ಫ್ರೀಜರಿನಲ್ಲಿ ಗಟ್ಟಿಯಾಗಿರುತ್ತದೆ, 25ರಿಂದ 29 ಡಿಗ್ರಿಯಲ್ಲಿ ಕರಗುತ್ತದೆ. ನಮ್ಮ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟರೆ ನೀರಾಗುತ್ತದೆ ಅಂತ ಅರ್ಥ. ಹಳದಿ ತಿರುಗಿದ್ದರೆ ಕೆಟ್ಟಿದೆ. ಪೂರ್ತಿ ಎಸೆಯಬೇಕಿಲ್ಲ, ಅದು ದುಬಾರಿ ವಸ್ತು. ಬಫರಿನಲ್ಲಿ ಕರಗಿಸಿ, ಆ್ಯಕ್ಟಿವೇಟೆಡ್ ಚಾರ್ಕೋಲ್ ಹಾಕಿ ಕಲಕಿ, ಸಣ್ಣ ಕಣ್ಣಿನ ಫಿಲ್ಟರಿನಲ್ಲಿ ಸೋಸಿ. ಚಾರ್ಕೋಲ್ ಸ್ವಲ್ಪ ಡಿಎಂಪಿಒವನ್ನೂ ನುಂಗುತ್ತದೆ. ಅದಕ್ಕೇ ಸೋಸಿದ ಮೇಲೆ 228 ನ್ಯಾನೋಮೀಟರಿನಲ್ಲಿ ಹೀರಿಕೆ ಅಳೆದು ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿ. ಸಣ್ಣ ಸಣ್ಣ ಪಾಲು ಮಾಡಿ, ನೈಟ್ರೋಜನ್ ಹಾಯಿಸಿ, ಬೆಳಕು ತಾಗದಂತೆ ಫ್ರೀಜರಿನಲ್ಲಿಡಿ. ಯುವಿ ಬೆಳಕು ಸೀದಾ ಬಿದ್ದರೂ ಡಿಎಂಪಿಒ ಗೆರೆ ಕೊಡುತ್ತದೆ. ಝೆನಾನ್ ದೀಪ ಬಳಸುವವರು ಕಟ್-ಆಫ್ ಫಿಲ್ಟರ್ ಹಾಕಲೇಬೇಕು.

ಬಾಟಲಿ ಸರಿ ಇದ್ದರೆ ತಪ್ಪು ಬಫರಿನದ್ದು. ಫಾಸ್ಫೇಟ್ ಲವಣದ ಜೊತೆಗೇ ಒಂದಿಷ್ಟು ಕಬ್ಬಿಣ ಬರುತ್ತದೆ. ಸ್ಟೀಲ್ ಸ್ಪ್ಯಾಚುಲಾ, ಸಿರಿಂಜ್ ಸೂಜಿಯಿಂದಲೂ ಬರುತ್ತದೆ. ಇದನ್ನು ಕಂಡುಹಿಡಿಯಲು ಇಪಿಆರ್ ಬೇಕಾಗಿಲ್ಲ. ರ್ಯಾಡಿಕಲ್ ಸಂಶೋಧಕ ಗ್ಯಾರಿ ಬ್ಯೂಟ್ನರ್ 1988ರಲ್ಲಿ ಹೇಳಿಕೊಟ್ಟ ಪರೀಕ್ಷೆ ಯಾವ ಕಾಲೇಜಿನಲ್ಲೂ ಆಗುತ್ತದೆ. ಪಿಎಚ್ 7ರ ಬಫರಿಗೆ ಚೂರು ವಿಟಮಿನ್ ಸಿ ಹಾಕಿ, 125 ಮೈಕ್ರೋಮೋಲಾರ್‌ನಷ್ಟು. 265 ನ್ಯಾನೋಮೀಟರಿನಲ್ಲಿ ಹೀರಿಕೆ ನೋಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಲೋಹ ಇಲ್ಲದ ಬಫರಿನಲ್ಲಿ ಅದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಶೇಕಡಾ 0.5ಕ್ಕಿಂತ ಜಾಸ್ತಿ ಇಳಿದಿದ್ದರೆ ಲೋಹ ಇದೆ. ಲೋಹ ಹಿಡಿಯುವ ಚೆಲೆಕ್ಸ್ ರೆಸಿನ್ ಮೂಲಕ ಹಾಯಿಸಿ, ಮತ್ತೆ ಪರೀಕ್ಷಿಸಿ. ನನಗೆ ಇದು ತುಂಬಾ ಇಷ್ಟದ ಪರೀಕ್ಷೆ, ಖರ್ಚಿಲ್ಲ, ಸುಳ್ಳು ಹೇಳುವುದಿಲ್ಲ.

ಬಫರಿಗೆ ಲೋಹವನ್ನು ಕಟ್ಟಿಹಾಕುವ ಡಿಟಿಪಿಎ ಸೇರಿಸುವುದೂ ಒಳ್ಳೆಯದು. ಕಪಾಟಿನಲ್ಲಿ ಇಡಿಟಿಎ ಇದೆ ಅಂತ ಅದನ್ನು ಹಾಕಬೇಡಿ. ಇಡಿಟಿಎ ಹಿಡಿದ ಕಬ್ಬಿಣ ಫೆಂಟನ್ ಕ್ರಿಯೆಯನ್ನು ಆರಾಮಾಗಿ ನಡೆಸುತ್ತದೆ.

ಪ್ರಶ್ನೆ: ಜೀವಕೋಶಗಳಿಗೆ ಔಷಧಿ ಕೊಟ್ಟ ಮೇಲೆ ಡಿಸಿಎಫ್ (ಆಕ್ಸಿಡೈಸ್ ಆದರೆ ಹೊಳೆಯುವ) ಬಣ್ಣದಲ್ಲಿ ಹಸಿರು ಹೊಳಪು ಜೋರಾಗಿ ಬರುತ್ತದೆ. ಅದೇ ಕೋಶಗಳಲ್ಲಿ ಇಪಿಆರ್ ಏನೂ ತೋರಿಸುವುದಿಲ್ಲ, ಒಮ್ಮೊಮ್ಮೆ ಎರಡು ಗೆರೆ ಬರುತ್ತದೆ. ಯಾವುದನ್ನು ನಂಬಲಿ? — ಜೀವವಿಜ್ಞಾನ ಸಂಶೋಧಕ, ಮೈಸೂರು

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಇಪಿಆರ್ ಸುಮ್ಮನಿದೆ ಅಂದರೆ ರ್ಯಾಡಿಕಲ್ ಇಲ್ಲ ಅಂತಲ್ಲ. ಕೋಶದೊಳಗೆ ವಿಟಮಿನ್ ಸಿ, ಗ್ಲುಟಾಥಯಾನ್ ಎಲ್ಲ ಇವೆ. ನೈಟ್ರಾಕ್ಸೈಡ್ ಹುಟ್ಟಿದ ಕೂಡಲೇ ಅದನ್ನು ಇಪಿಆರ್ ಕಣ್ಣಿಗೆ ಕಾಣದ ಹೈಡ್ರಾಕ್ಸಿಲಮೀನ್ ಮಾಡಿಬಿಡುತ್ತವೆ. ಜೊತೆಗೆ ಡಿಎಂಪಿಒ ಸೂಪರ್‌ಆಕ್ಸೈಡನ್ನು ಹಿಡಿಯುವುದು ತೀರಾ ನಿಧಾನ. ಸೆಕೆಂಡಿಗೆ ಮೋಲಾರ್ ಲೆಕ್ಕದಲ್ಲಿ ಅದರ ವೇಗ ಹತ್ತಾರು ಮಾತ್ರ. ಸೂಪರ್‌ಆಕ್ಸೈಡನ್ನು ತೆಗೆದುಹಾಕುವ ಕೋಶದ ಎಸ್‌ಒಡಿ ಕಿಣ್ವದ ವೇಗ ಅದೇ ಲೆಕ್ಕದಲ್ಲಿ ಸುಮಾರು 200 ಕೋಟಿ. ಆ ಓಟದಲ್ಲಿ ಡಿಎಂಪಿಒ ಗೆಲ್ಲಬೇಕಾದರೆ ಅದನ್ನು ತುಂಬಾ ಹಾಕಬೇಕು, ಅಷ್ಟು ಹಾಕಿದರೆ ಕೋಶವೇ ಬಳಲುತ್ತದೆ.

ಆ ಎರಡು ಗೆರೆಗಳ ನಡುವಿನ ದೂರ ಅಳೆಯಿರಿ. 1.8 ಗಾಸ್ ಇದ್ದರೆ ಅದು ವಿಟಮಿನ್ ಸಿ ರ್ಯಾಡಿಕಲ್. ಎಲೆಯ ರಸದಲ್ಲೂ ಬರುತ್ತದೆ, ರಕ್ತದಲ್ಲೂ ಬರುತ್ತದೆ. ಟ್ರ್ಯಾಪ್ ಹಾಕದೆಯೂ ಕಾಣುತ್ತದೆ. ಏನೋ ಆಕ್ಸಿಡೇಶನ್ ನಡೆಯುತ್ತಿದೆ ಅಂತ ಅದು ಹೇಳುತ್ತದೆ, ಯಾವುದರಿಂದ ಅಂತ ಹೇಳುವುದಿಲ್ಲ.

ಡಿಸಿಎಫ್ ವಿಷಯ ಇನ್ನೂ ಗೋಜಲು. ಹೈಡ್ರೋಜನ್ ಪೆರಾಕ್ಸೈಡ್ ಅದರ ಜೊತೆ ನೇರವಾಗಿ ಅಷ್ಟು ಬೆರೆಯುವುದೇ ಇಲ್ಲ. ನಡುವೆ ಕಬ್ಬಿಣವೋ ಪೆರಾಕ್ಸಿಡೇಸೋ ಬೇಕು. ಔಷಧಿಯಿಂದ ಕೋಶದಲ್ಲಿ ಬಿಡಿ ಕಬ್ಬಿಣ ಹೆಚ್ಚಾದರೂ ಹಸಿರು ಹೆಚ್ಚುತ್ತದೆ. ಅದರ ಮೇಲೆ, ಆ ಬಣ್ಣದ ಮಧ್ಯದ ರ್ಯಾಡಿಕಲ್ ಆಕ್ಸಿಜನ್ ಜೊತೆ ಸೇರಿ ತಾನೇ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ. ಅಳೆಯುವ ವಸ್ತುವೇ ಅಳೆಯಬೇಕಾದ್ದನ್ನು ತಯಾರಿಸುತ್ತಿದೆ, ಅಲ್ವಾ? 2022ರಲ್ಲಿ ಈ ಕ್ಷೇತ್ರದ ಹಿರಿಯರು ಸೇರಿ ನೇಚರ್ ಮೆಟಬಾಲಿಸಂ ಪತ್ರಿಕೆಯಲ್ಲಿ ಮಾರ್ಗಸೂಚಿ ಬರೆದಿದ್ದಾರೆ. ಬರೀ ‘ಆರ್‌ಒಎಸ್ (ಆಕ್ಸಿಜನ್ನಿನ ಚುರುಕು ರೂಪಗಳು) ಹೆಚ್ಚಾಯಿತು’ ಅನ್ನಬೇಡಿ, ಯಾವುದು ಅಂತ ಹೆಸರು ಹೇಳಿ ಅನ್ನುವುದು ಅಲ್ಲಿನ ಮುಖ್ಯ ಮಾತು. ಔಷಧಿ ಪರೀಕ್ಷೆ ಮಾಡುವ ಪ್ರತಿಯೊಬ್ಬರೂ ಅದನ್ನು ಓದಬೇಕು ಅನ್ನುವುದು ನನ್ನ ಆಸೆ.

ಸಿಎಂಎಚ್ ಥರದ ಹೈಡ್ರಾಕ್ಸಿಲಮೀನ್ ಪ್ರೋಬ್ ಬಳಸಿದರೆ ನಿಮಗೆ ದೊಡ್ಡ ಮೂರು ಗೆರೆ ಸಿಗುತ್ತದೆ. ಅದು ಸೂಪರ್‌ಆಕ್ಸೈಡಿಗೂ ಬರುತ್ತದೆ, ಪೆರಾಕ್ಸಿನೈಟ್ರೈಟಿಗೂ ಬರುತ್ತದೆ, ಲೋಹದ ಅಯಾನಿಗೂ ಬರುತ್ತದೆ. ಅದಕ್ಕೇ ಕಿಣ್ವಗಳನ್ನು ಬಳಸಿ. ಎಸ್‌ಒಡಿ ಹಾಕಿದಾಗ ಎಷ್ಟು ಇಳಿಯುತ್ತದೋ ಅಷ್ಟು ಮಾತ್ರ ಸೂಪರ್‌ಆಕ್ಸೈಡಿನ ಲೆಕ್ಕಕ್ಕೆ. ಡಿಎಂಪಿಒ-ಒಎಚ್ ಬಂದರೂ ಇದೇ ಕ್ರಮ: ಪೆರಾಕ್ಸೈಡ್ ಒಡೆಯುವ ಕಿಣ್ವ ಕ್ಯಾಟಲೇಸಿಗೆ ಇಳಿದರೆ ಅದರ ಹಿಂದೆ ಪೆರಾಕ್ಸೈಡ್ ಇದೆ. ಎಸ್‌ಒಡಿಗೆ ಇಳಿದು ಕ್ಯಾಟಲೇಸಿಗೆ ಇಳಿಯದಿದ್ದರೆ ಒಡೆದುಹೋದ ಒಒಎಚ್ ಅಂತ ಯೋಚಿಸಿ. ಕಿಣ್ವವನ್ನು ಕುದಿಸಿ ಹಾಳು ಮಾಡಿ ಅದನ್ನೂ ಹಾಕಿ ನೋಡಿ, ಬರೀ ಪ್ರೋಟೀನಿನ ಪರಿಣಾಮ ಎಷ್ಟು ಅಂತ ತಿಳಿಯಲು. ಎಸ್‌ಒಡಿ ಕೋಶದ ಒಳಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಆದ್ದರಿಂದ ಅದು ಹೇಳುವುದು ಹೊರಗಿನ ಸೂಪರ್‌ಆಕ್ಸೈಡ್ ಬಗ್ಗೆ.

ಪ್ರಶ್ನೆ: ಟೆಂಪ್ ಹಾಕಿ ಬೆಳಕು ಬಿಟ್ಟರೆ ಸಮ ಎತ್ತರದ ಮೂರು ಗೆರೆ. ಸಿಂಗ್ಲೆಟ್ ಆಕ್ಸಿಜನ್ ಖಚಿತ ಅಲ್ಲವೇ? — ಬೆಂಗಳೂರಿನ ಓದುಗರು

ಉತ್ತರ: ಅಲ್ಲ. ಟೆಂಪ್ ಅನ್ನುವುದು ಸಿಂಗ್ಲೆಟ್ ಆಕ್ಸಿಜನ್ (ಶಕ್ತಿ ತುಂಬಿಕೊಂಡ ಆಕ್ಸಿಜನ್) ತಾಗಿದರೆ ಟೆಂಪೊ ಎಂಬ ನೈಟ್ರಾಕ್ಸೈಡ್ ಆಗುವ ವಸ್ತು. ಆ ಮೂರು ಗೆರೆ ಟೆಂಪೊದವು, 17 ಗಾಸ್ ಚಿಲ್ಲರೆ ಅಂತರದಲ್ಲಿ ಇರುತ್ತವೆ. ಟೆಂಪ್ ತನ್ನ ಎಲೆಕ್ಟ್ರಾನ್ ಕಳೆದುಕೊಂಡು, ಆಮೇಲೆ ಮಾಮೂಲಿ ಆಕ್ಸಿಜನ್ ಜೊತೆ ಸೇರಿದರೂ ಟೆಂಪೊ ಆಗುತ್ತದೆ. ಇದನ್ನು 2014ರಲ್ಲೇ ಚೆನ್ನಾಗಿ ತೋರಿಸಿದ್ದಾರೆ. ಅಂಗಡಿಯ ಟೆಂಪ್‌ನಲ್ಲಿ ಮೊದಲೇ ಸ್ವಲ್ಪ ಟೆಂಪೊ ಇರುವುದೂ ಉಂಟು, ಅದಕ್ಕೇ ಬೆಳಕು ಬಿಡುವ ಮೊದಲು ಒಂದು ಸ್ಕ್ಯಾನ್ ತೆಗೆಯಿರಿ. ಭಾರಜಲದಲ್ಲಿ ಪ್ರಯೋಗ ಮಾಡಿ. ಸಿಂಗ್ಲೆಟ್ ಆಕ್ಸಿಜನ್ ಸಾಮಾನ್ಯ ನೀರಿನಲ್ಲಿ ಸುಮಾರು 3.5 ಮೈಕ್ರೋಸೆಕೆಂಡ್ ಬಾಳಿದರೆ ಭಾರಜಲದಲ್ಲಿ 60 ಮೈಕ್ರೋಸೆಕೆಂಡ್ ದಾಟುತ್ತದೆ. ಗೆರೆ ಎದ್ದು ಕಾಣುವಷ್ಟು ಬೆಳೆಯದಿದ್ದರೆ ಅನುಮಾನ ಪಡಿ. ಸಿಂಗ್ಲೆಟ್ ಆಕ್ಸಿಜನ್ ನುಂಗುವ ಅಜೈಡ್ ಹಾಕಿ ಗೆರೆ ಇಳಿಯಿತು ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ, ಅಜೈಡ್ ಹೈಡ್ರಾಕ್ಸಿಲ್ಲನ್ನೂ ಹಿಡಿಯುತ್ತದೆ. 1270 ನ್ಯಾನೋಮೀಟರಿನ ಹೊಳಪನ್ನು ಅಳೆಯುವ ಸೌಕರ್ಯ ಎಲ್ಲಾದರೂ ಸಿಕ್ಕಿದರೆ ಅಲ್ಲಿಗೆ ಹೋಗಿ. ಅದು ಸಿಂಗ್ಲೆಟ್ ಆಕ್ಸಿಜನ್‌ನದ್ದೇ ಸ್ವಂತ ಹೊಳಪು.

ಪ್ರಶ್ನೆ: ನೆಲ್ಲಿಕಾಯಿ ರಸ ಫ್ರೀ ರ್ಯಾಡಿಕಲ್‌ಗಳನ್ನು ಕೊಲ್ಲುತ್ತದೆ ಅಂತ ಡಿಪಿಪಿಎಚ್ ಪರೀಕ್ಷೆಯ ವರದಿ ತೋರಿಸಿ ಮಾರುತ್ತಾರೆ. ನಿಜವೇ? — ಗೃಹಿಣಿ, ತುಮಕೂರು

ಉತ್ತರ: ಡಿಪಿಪಿಎಚ್ ಅನ್ನುವುದು ಬಾಟಲಿಯಲ್ಲಿ ಸಿಗುವ ನೇರಳೆ ಪುಡಿ. ಗಟ್ಟಿಮುಟ್ಟಾದ ರ್ಯಾಡಿಕಲ್, ಆಕ್ಸಿಜನ್ನಿನದ್ದಲ್ಲ, ಮೈಯಲ್ಲಿ ಇರುವುದೂ ಇಲ್ಲ. ರಸದಲ್ಲಿರುವ ವಿಟಮಿನ್ ಸಿ, ಟ್ಯಾನಿನ್ ತಾಗಿದರೆ ಅದು ಹಳದಿಯಾಗುತ್ತದೆ. ಆ ರಾಸಾಯನಿಕ ಕ್ರಿಯೆ ನಿಜ. ಮೈಯೊಳಗೆ ಏನಾಗುತ್ತದೆ ಅಂತ ಆ ವರದಿಯಿಂದ ತಿಳಿಯುವುದಿಲ್ಲ. ನೆಲ್ಲಿಕಾಯಿ ಒಳ್ಳೆಯ ಹಣ್ಣು, ಧಾರಾಳವಾಗಿ ತಿನ್ನಿ. ವರದಿ ನೋಡಿ ದುಬಾರಿ ಬಾಟಲಿ ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಇಪಿಆರ್ ಇಲ್ಲ. ಡಿಎಂಪಿಒ ಹಾಕಿದ ಮಾದರಿಯನ್ನು ಐಸ್ ಡಬ್ಬಿಯಲ್ಲಿ ಕೊರಿಯರ್ ಮಾಡಿದರೆ ಆಗುತ್ತದಾ? — ಅಧ್ಯಾಪಕರು, ಕಲಬುರಗಿ

ಉತ್ತರ: ಆಗುವುದಿಲ್ಲ. ಸೂಪರ್‌ಆಕ್ಸೈಡಿನ ಗುರುತು ಊರು ದಾಟುವ ಮೊದಲೇ ಹೋಗಿರುತ್ತದೆ. ಅಲ್ಲಿ ಪೆಟ್ಟಿಗೆ ತೆರೆದವರಿಗೆ ನಾಲ್ಕು ಗೆರೆ ಸಿಕ್ಕಿದರೂ ಅದಕ್ಕೆ ಬೆಲೆ ಇಲ್ಲ. ನೀವು, ಇಲ್ಲವೇ ನಿಮ್ಮ ವಿದ್ಯಾರ್ಥಿ, ಸಾಮಾನು ಕಟ್ಟಿಕೊಂಡು ಯಂತ್ರ ಇರುವಲ್ಲಿಗೇ ಹೋಗಬೇಕು. ಹಣ ಕೊಟ್ಟು ಸಮಯ ಕಾಯ್ದಿರಿಸುವ ಸೈಫ್ ಕೇಂದ್ರಗಳು (ದೊಡ್ಡ ವಿಶ್ಲೇಷಣಾ ಯಂತ್ರಗಳನ್ನು ಎಲ್ಲರಿಗೂ ಒದಗಿಸುವ ಕೇಂದ್ರಗಳು) ಇವೆ. ಫಾರಂ ತುಂಬುವಾಗಲೇ ‘ಸ್ಥಳದಲ್ಲೇ ಬೆರೆಸಿ ಅಳೆಯಬೇಕು’ ಅಂತ ಬರೆಯಿರಿ, ಫೋನ್ ಮಾಡಿ ಮಾತಾಡಿ. ಯಂತ್ರ ನಡೆಸುವವರು ಸಾಮಾನ್ಯವಾಗಿ ಖುಷಿಯಿಂದ ಸಹಾಯ ಮಾಡುತ್ತಾರೆ, ಮೊದಲೇ ಹೇಳಿದರೆ ಮಾತ್ರ.

ಡಿಎಂಪಿಒ, ಬಫರ್, ಕ್ಯಾಟಲಿಸ್ಟ್, ಆಕ್ಸಿಡೆಂಟ್ ಎಲ್ಲ ಬೇರೆ ಬೇರೆ ಒಯ್ಯಿರಿ. ಡಿಎಂಪಿಒ ಮಾತ್ರ ಐಸಿನಲ್ಲಿ. ತೆಳ್ಳಗಿನ ಕ್ವಾರ್ಟ್ಜ್ ಕ್ಯಾಪಿಲರಿ ಅಥವಾ ಫ್ಲ್ಯಾಟ್ ಸೆಲ್ ಇದೆಯಾ ಕೇಳಿ. ನೀರು ಮೈಕ್ರೋವೇವ್ ನುಂಗುತ್ತದೆ, ದಪ್ಪ ಟ್ಯೂಬಿನಲ್ಲಿ ಯಂತ್ರ ಟ್ಯೂನ್ ಕೂಡ ಆಗುವುದಿಲ್ಲ. ಮಾಮೂಲಿ ಗಾಜಿನಲ್ಲಿ ಕಬ್ಬಿಣ ಇರುತ್ತದೆ, ಅದರದ್ದೇ ಗೆರೆ ಬರುತ್ತದೆ. ಬೆರೆಸಿದ ಕ್ಷಣದಿಂದ ಸ್ಟಾಪ್‌ವಾಚ್ ಹಾಕಿ, ಪ್ರತಿ ಮಾದರಿಗೂ ಅದೇ ನಿಮಿಷಕ್ಕೆ ಸ್ಕ್ಯಾನ್ ಶುರುಮಾಡಿ.

ಮಾಡ್ಯುಲೇಶನ್ (ಅಳೆಯುವಾಗ ಕಾಂತಕ್ಷೇತ್ರವನ್ನು ಅಲುಗಿಸುವ ಪ್ರಮಾಣ) 1 ಗಾಸ್ ಮೀರದಂತೆ ಕೇಳಿಕೊಳ್ಳಿ. ಗೆರೆ ದೊಡ್ಡದಾಗಿ ಕಾಣಲಿ ಅಂತ ಅದನ್ನು ಏರಿಸಿದರೆ ಗೆರೆ ಉಬ್ಬುತ್ತದೆ, ಡಿಎಂಪಿಒ-ಒಒಎಚ್‌ನ 1.25 ಗಾಸ್ ಸಣ್ಣ ಸೀಳು ಮುಚ್ಚಿಹೋಗುತ್ತದೆ. ಆ ಸೀಳೇ ಅದರ ಗುರುತು. ಪವರ್ ಕೂಡ ಒಂದೆರಡು ಮಟ್ಟದಲ್ಲಿ ನೋಡಿ, ಸ್ಯಾಚುರೇಟ್ ಆದ ಗೆರೆಯಿಂದ ಪ್ರಮಾಣ ಲೆಕ್ಕ ಹಾಕಲಾಗುವುದಿಲ್ಲ. ಸಾಂದ್ರತೆ ಗೊತ್ತಿರುವ ಟೆಂಪೊ ದ್ರಾವಣ ಒಂದನ್ನು ಅದೇ ಕ್ಯಾಪಿಲರಿಯಲ್ಲಿ, ಅದೇ ಸೆಟ್ಟಿಂಗಿನಲ್ಲಿ ಅಳೆದು ಬನ್ನಿ. ಚಿತ್ರ ಮಾತ್ರ ತರಬೇಡಿ, ಮೂಲ ಫೈಲ್ ಪೆನ್‌ಡ್ರೈವಿನಲ್ಲಿ ತನ್ನಿ. ಸಿಮ್ಯುಲೇಶನ್ ಊರಲ್ಲೇ ಕೂತು ಮಾಡಬಹುದು.

ಒಂದೇ ದಿನ ಸಿಕ್ಕಿದರೆ ಖಾಲಿ ಪರೀಕ್ಷೆಗಳನ್ನು ಬೆಳಿಗ್ಗೆಯೇ ಮುಗಿಸಿ. ಕೊನೆಗೆ ಮಾಡೋಣ ಅಂತ ಇಟ್ಟರೆ ಸಂಜೆ ಬಸ್ಸಿನ ಹೊತ್ತಾಗುತ್ತದೆ, ಅವೇ ಉಳಿದುಬಿಡುತ್ತವೆ.